ಮಂಚದ ಕೆಳಗಿನ ನೀರ್ಗುಳ್ಳೆ

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾಲೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಗಂಡ ಬೆಂಗಳೂರಿನ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ಬರುವುದು. ತುಂಬಾ ಎತ್ತರ, ತುಂಬಾ ತೆಳು. ನಮ್ಮ ಮನೆಯ ಬಾಗಿಲು ದಾಟುವಾಗ ತಲೆ ತಗ್ಗಿಸುವುದು ಮರೆತು ವಾರಕ್ಕೊಮ್ಮೆಯಾದರೂ ಹಣೆ ಕುಟ್ಟಿಸಿಕೊಳ್ಳುತ್ತಿದ್ದರು.

ಅವತ್ತು ಬೆಳಿಗ್ಗೆ ತಿಂಡಿ ತಡವಾಯಿತು. ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಓಡಿದರು. ರೈಲು ಹೊರಟ ಶಬ್ದ ಮನೆಯವರೆಗೂ ಕೇಳಿಸಿತು. ನಾನು ಪಾತ್ರೆ ತೊಳೆಯಲು ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದರೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಇವರು ನಿಂತಿದ್ದರು.

"ರೈಲು ತಪ್ಪಿತಾ?" ಅಂದೆ.

"ಇತ್ತು. ಹತ್ತೋಕೆ ಆಗ್ಲಿಲ್ಲ." ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. "ಎಡಗಡೆ ಏನೋ ಹರಿದ ಹಾಗಾಯ್ತು ಕಣೇ."

ಬೀದಿಯ ಕೊನೆಯಲ್ಲಿದ್ದ ಡಾಕ್ಟರು ಬಂದು ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಎಡಗಡೆ ಬೆರಳಿನಿಂದ ತಟ್ಟಿದರು, ಬಲಗಡೆ ತಟ್ಟಿದರು, ಮತ್ತೆ ಎಡಗಡೆ ತಟ್ಟಿದರು. ಆಮೇಲೆ ನನ್ನನ್ನು ಹೊರಗೆ ಕರೆದು, "ಎಡಗಡೆ ಉಸಿರಿನ ಸದ್ದೇ ಇಲ್ಲಮ್ಮ. ಇಲ್ಲಿ ಆಗೋ ಕೆಲಸ ಅಲ್ಲ. ಕೋಲಾರಕ್ಕೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಅಂದರು. ನಮ್ಮ ಮನೆಯ ಮಾಲೀಕರಿಗೆ ಇಟ್ಟಿಗೆ ಗೂಡು ಇತ್ತು, ಒಂದು ಹಳೆಯ ಜೀಪೂ ಇತ್ತು. ಅದರ ಹಿಂದಿನ ಸೀಟಿನಲ್ಲಿ ಇವರನ್ನು ನನಗೆ ಒರಗಿಸಿಕೊಂಡು ಕೂತೆ. ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದರು. ರಸ್ತೆಯ ಒಂದೊಂದು ಗುಂಡಿಗೂ ಅವರ ಕೈ ನನ್ನ ಮಣಿಕಟ್ಟನ್ನು ಒತ್ತುತ್ತಿತ್ತು. ಆ ಕೈ ತಣ್ಣಗಿತ್ತು. ತುಟಿಯ ಬಣ್ಣ ಬದಲಾಗುತ್ತಿದೆಯೇ ಎಂದು ನಾನು ನೋಡುತ್ತಲೇ ಇದ್ದೆ. ಬದಲಾದರೆ ಏನು ಮಾಡಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಬಲಗಡೆ ಮಂಜು ಮಂಜಾಗಿ ಬೆಳ್ಳಗಿತ್ತು. ಎಡಗಡೆ ಪಕ್ಕೆಲುಬುಗಳ ನಡುವೆ ಬರೀ ಕಪ್ಪು. ಆ ಕಪ್ಪಿನ ಒಳಮೂಲೆಯಲ್ಲಿ, ಒದ್ದೆ ಬಟ್ಟೆ ಹಿಂಡಿ ಇಟ್ಟ ಹಾಗೆ ಒಂದು ಮುದ್ದೆ.

"ಅದೇ ಶ್ವಾಸಕೋಶ," ಅಂದರು. "ಎಲ್ಲೋ ಒಂದು ಸಣ್ಣ ತೂತು ಬಿದ್ದಿದೆ. ಗಾಳಿ ಅದರಿಂದ ಸೋರಿ ಎದೆಗೂಡಲ್ಲಿ ತುಂಬಿಕೊಂಡು ಇದನ್ನ ಅಮುಕಿಬಿಟ್ಟಿದೆ. ಹೀಗೆ ಉದ್ದಕ್ಕೆ ತೆಳ್ಳಗೆ ಇರೋ ಹುಡುಗರಿಗೆ ಒಮ್ಮೊಮ್ಮೆ ಆಗುತ್ತೆ. ಆ ಗಾಳೀನ ಹೊರಗೆ ತೆಗೀಬೇಕು."

"ಕ್ಷಯಾನಾ ಸಾರ್?"

"ಹಾಗೆ ಕಾಣಲ್ಲ. ಕಫ ಪರೀಕ್ಷೆಗೆ ಕಳಿಸಿದ್ದೀನಿ."

ಪಕ್ಕೆಲುಬುಗಳ ನಡುವೆ ಮರಗಟ್ಟಿಸಿ ಒಂದು ಕೊಳವೆ ತೂರಿಸಿದರು. ನನ್ನನ್ನು ಒಳಗೆ ಬಿಟ್ಟಾಗ ಇವರು ಒರಗು ದಿಂಬಿಗೆ ಬೆನ್ನು ಕೊಟ್ಟು ಕೂತಿದ್ದರು. ಕಂಕುಳ ಕೆಳಗಿನಿಂದ ಕೆಂಪು ರಬ್ಬರಿನ ಕೊಳವೆ ಇಳಿದು, ಮಂಚದ ಕೆಳಗಿದ್ದ ದೊಡ್ಡ ಗಾಜಿನ ಬಾಟಲಿಯ ಮುಚ್ಚಳದೊಳಗೆ ಹೋಗಿತ್ತು. ಅಲ್ಲಿಂದ ಗಾಜಿನ ನಳಿಕೆಯೊಂದು ಬಾಟಲಿಯ ನೀರಿನಲ್ಲಿ ಮುಳುಗಿತ್ತು. ಅದರ ತುದಿಯಿಂದ ಗುಳ್ಳೆಗಳು ಬುಳುಬುಳು ಎಂದು ಏಳುತ್ತಿದ್ದವು.

ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ನಳಿಕೆಯ ಬಾಯಲ್ಲಿ ಮೊದಲು ಬೇಳೆಯಷ್ಟು ಗಾತ್ರದ ಗಾಳಿ ಕಾಣಿಸುತ್ತಿತ್ತು. ಅದು ಊದಿಕೊಂಡು, ಬಾಯಿಗೇ ಅಂಟಿಕೊಂಡು, ಬಿಡಲೋ ಬೇಡವೋ ಎನ್ನುವಂತೆ ಒಂದು ಕ್ಷಣ ನಿಂತು, ಆಮೇಲೆ ಕಳಚಿಕೊಳ್ಳುತ್ತಿತ್ತು. ನೆಟ್ಟಗೆ ಏಳುತ್ತಿರಲಿಲ್ಲ, ಓಲಾಡಿಕೊಂಡು ಚಪ್ಪಟೆಯಾಗುತ್ತಾ ಏರಿ ಮೇಲೆ ಬಂದು ಒಡೆಯುತ್ತಿತ್ತು. ಇವರು ಕೆಮ್ಮಿದರೆ ಒಂದರ ಹಿಂದೆ ಒಂದು ನುಗ್ಗಿ ಬಂದು ನೀರೆಲ್ಲ ಕುದಿಯುವ ಹಾಗಾಗುತ್ತಿತ್ತು. ಸಾಸಿವೆಯಂಥ ಕೆಲವು ಗುಳ್ಳೆಗಳು ಮಾತ್ರ ಮೇಲಕ್ಕೆ ಹೋಗದೆ ಗಾಜಿನ ಗೋಡೆಗೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತಿದ್ದವು.

"ಇದು ನೋಡಿ," ಅಂದರು ಡಾಕ್ಟರು. "ಒಳಗಿನ ಗಾಳಿ ನೀರಿನ ಮೂಲಕ ಹೊರಗೆ ಬರುತ್ತೆ. ಹೊರಗಿನ ಗಾಳಿ ಅದೇ ದಾರೀಲಿ ಒಳಗೆ ಹೋಗೋಕಾಗಲ್ಲ, ನೀರು ಅಡ್ಡ ಇರುತ್ತಲ್ಲ. ಅಷ್ಟೇ ಇದರ ಕೆಲಸ."

"ಗುಳ್ಳೆ ಬರ್ತಾ ಇರ್ಬೇಕಾ ಸಾರ್, ನಿಲ್ಲಬೇಕಾ?"

"ಈಗ ಬರಬೇಕು. ಆಮೇಲೆ ನಿಲ್ಲಬೇಕು."

ಅವರು ಮುಂದಿನ ಮಂಚಕ್ಕೆ ಹೋದರು. ಈಗ ಎನ್ನುವುದು ಎಲ್ಲಿ ಮುಗಿದು ಆಮೇಲೆ ಎನ್ನುವುದು ಎಲ್ಲಿ ಶುರುವಾಗುತ್ತದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ದಿನಗಳಲ್ಲಿ ನನ್ನನ್ನು ಹಿಂಡಿದ್ದು ಅದೊಂದೇ ಪ್ರಶ್ನೆ.

ಮಾರನೆಯ ದಿನ ನನ್ನ ಅತ್ತೆ ಬಂದರು. ರಾಯಲ್ಪಾಡಿನ ಕಡೆಯ ಹಳ್ಳಿ ಅವರದು. ಮನೆಯಲ್ಲಿ ತೆಲುಗು, ನನ್ನೊಡನೆ ತೆಲುಗು ಬೆರೆತ ಕನ್ನಡ. ಒಂದು ಚೀಲದ ತುಂಬ ಮಾವಿನಹಣ್ಣು ಹೊತ್ತುಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಚೀಲವನ್ನು ವಾರ್ಡಿನ ಬಾಗಿಲಲ್ಲೇ ಇಟ್ಟು, ಮಗನ ಹತ್ತಿರ ಬಂದು, ಎದೆಯಿಂದ ಇಳಿದ ಕೊಳವೆಯನ್ನು ಕಣ್ಣಿನಿಂದಲೇ ಹಿಂಬಾಲಿಸಿ ಬಾಟಲಿಯವರೆಗೆ ಬಂದರು.

"ಏಮೈಂದಿ ನಾಯ್ನಾ?" ಅಂದರು. ಏನಾಯಿತಪ್ಪ ಎಂದು ಕೇಳಿದ್ದು ಮಗನನ್ನು. ನೋಡುತ್ತಿದ್ದುದು ನೀರನ್ನು.

ನಮ್ಮ ಮಾವ ನನ್ನ ಮದುವೆಗೆ ಬಹಳ ಹಿಂದೆಯೇ ಎದೆಯ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಅದು ಕ್ಷಯ ಎಂದು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅವರು ಕೆಮ್ಮಿ ಕೆಮ್ಮಿ ಸವೆದದ್ದನ್ನು ಅತ್ತೆ ನೋಡಿದವರು. ಹಾಗಾಗಿ ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ಸಲ ಹೇಳಿದರೂ ಅವರ ಮುಖ ಸಡಿಲವಾಗಲಿಲ್ಲ. ನಮ್ಮಿಬ್ಬರಲ್ಲಿ ಅಂಥ ಸಲುಗೆಯೂ ಇರಲಿಲ್ಲ. ನಾನು ಮುಳಬಾಗಿಲಿನವಳು, ಹೈಸ್ಕೂಲು ಮುಗಿಸಿದವಳು. ಅವರ ಮುಂದೆ ಕೂತು ಮಾತಾಡಿದ್ದು ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರ, ಅದೂ ಸಾರಿಗೆ ಉಪ್ಪು ಸಾಕೋ ಬೇಕೋ ಎನ್ನುವಷ್ಟು. ಬೆಳಗಿನ ತಿಂಡಿ ಹೊತ್ತಿಗೆ ಸರಿಯಾಗಿ ಆಗಿದ್ದರೆ ಮಗ ಓಡಬೇಕಿರಲಿಲ್ಲ ಎಂದು ಅವರು ಎಲ್ಲಿ ಕೇಳಿಬಿಡುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅವರು ಕೇಳಲಿಲ್ಲ. ಕೇಳದೆ ಇದ್ದದ್ದು ಇನ್ನೂ ಕಷ್ಟವಾಯಿತು.

ಗಂಡಸರ ವಾರ್ಡು. ಸಂಜೆಯಾದ ಮೇಲೆ ಹೆಂಗಸರು ಇರುವಂತಿರಲಿಲ್ಲ. ರಾತ್ರಿ ನನ್ನ ಮೈದುನ ಬಂದು ಮಲಗುತ್ತಿದ್ದ. ನಾನೂ ಅತ್ತೆಯೂ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆವು. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಇಬ್ಬರೂ ಅಲ್ಲಿರುತ್ತಿದ್ದೆವು. ವಾರ್ಡಿನ ಉದ್ದಕ್ಕೂ ನಡೆದು ಬರುವಾಗ ಇವರ ಮುಖ ನೋಡುವುದಕ್ಕೆ ಮೊದಲು ನನ್ನ ಕಣ್ಣು ಮಂಚದ ಕೆಳಗೆ ಹೋಗುತ್ತಿತ್ತು. ಗುಳ್ಳೆ ಬರುತ್ತಿದ್ದರೆ, ತೂತು ಇನ್ನೂ ಮುಚ್ಚಿಲ್ಲವಲ್ಲ ಎಂದು ಹೆದರಿಕೆ. ಬರುವುದು ಸ್ವಲ್ಪ ತಡವಾದರೆ, ಕೊಳವೆ ಕಟ್ಟಿಕೊಂಡಿತೇನೋ ಎಂದು ಹೆದರಿಕೆ.

ಇವರಿಗೆ ಬಾಟಲಿ ಕಾಣುತ್ತಿರಲಿಲ್ಲ. ಮಂಚದ ಕೆಳಗೆ ಬಗ್ಗುವ ಹಾಗೂ ಇರಲಿಲ್ಲ. ಹಾಗಾಗಿ ನಮ್ಮ ಮುಖ ನೋಡುತ್ತಿದ್ದರು.

"ಎದೇಲಿ ಸೋಡಾ ಅಂಗಡಿ ಇಟ್ಕೊಂಡಿದ್ದೀನಿ, ವ್ಯಾಪಾರ ಹೇಗಿದೆ ಅಂತ ನೀವೇ ಹೇಳ್ಬೇಕು," ಎಂದು ಮೊದಮೊದಲು ತಮಾಷೆ ಮಾಡಿದರು. ಆಮೇಲೆ ತಮಾಷೆ ನಿಂತಿತು. "ಬರ್ತಾ ಇದ್ಯಾ?" ಎಂದಷ್ಟೇ ಕೇಳುತ್ತಿದ್ದರು. ಅಚ್ಚುಮೊಳೆಯ ತಿರುವುಮುರುವು ಅಕ್ಷರಗಳನ್ನು ಸರಾಗವಾಗಿ ಓದುವವರು. ನನ್ನ ಮುಖ ಓದುವುದು ಅವರಿಗೆ ಏನು ಕಷ್ಟ? ನಾನು ಬಗ್ಗಿ ನೋಡಿ ಏಳುವಾಗ ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಒಂದು ಬೆಳಿಗ್ಗೆ ನಾನು ಬನ್ನು, ಕಾಫಿ ತರಲು ಹೊರಗೆ ಹೋಗಿದ್ದೆ. ವಾಪಸು ಬಂದಾಗ ಆಯಾ ಫಿನಾಯಿಲ್ ನೀರಿನಲ್ಲಿ ನೆಲ ಒರೆಸುತ್ತಾ ನಮ್ಮ ಸಾಲಿಗೆ ಬಂದಿದ್ದಳು. ಅತ್ತೆ ಆ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಸೆರಗಿನಿಂದ ತಳ ಒರೆಸಿ, ಮಂಚದ ಪಕ್ಕದ ಕಬ್ಬಿಣದ ಬೀರುವಿನ ಮೇಲೆ ಇಡುತ್ತಿದ್ದರು. ಅದು ಇವರ ಹೆಗಲಿನ ಎತ್ತರಕ್ಕಿತ್ತು. ಬಾಟಲಿಯ ಗುಳ್ಳೆ ನಿಂತಿತ್ತು. ನಳಿಕೆಯ ಒಳಗೆ ನೀರು ಮೇಲಕ್ಕೆ ಏರಿತ್ತು.

ಕಾಫಿ ಎಲ್ಲಿ ಇಟ್ಟೆನೋ ನೆನಪಿಲ್ಲ. ಓಡಿಹೋಗಿ ಬಾಟಲಿ ಕಿತ್ತುಕೊಂಡು ನೆಲದ ಮೇಲೆ ಇಟ್ಟೆ. ನೀರು ನಳಿಕೆಯಲ್ಲಿ ಸರ್ರನೆ ಇಳಿಯಿತು. ಎರಡು ದೊಡ್ಡ ಗುಳ್ಳೆ ಬುಳಕ್ಕೆಂದು ಬಂದವು.

"ಯಾಕೆ ಎತ್ತಿದ್ರಿ ಅತ್ತೆ?" ನನ್ನ ಧ್ವನಿಗೆ ಪಕ್ಕದ ಮಂಚದವರೆಲ್ಲ ತಿರುಗಿದರು.

"ಎಲ್ಲಾರ ಚಪ್ಪಲಿ ಓಡಾಡೋ ಜಾಗ," ಅಂದರು ಅತ್ತೆ. "ಕೊಳೆ ನೀರು ಬೇರೆ ಬರ್ತಾ ಐತೆ. ಅವನ ಉಸಿರು ಅದ್ರಾಗೈತೆ ಅಂತ ನೀನೇ ಹೇಳಿದ್ದಲ್ಲಾ. ಕಾಲಡಿಗೆ ಹೆಂಗಿಡೋದು?"

ಸಿಸ್ಟರ್ ಬಂದರು. ಕೊಳವೆ, ಬಾಟಲಿ, ನಾಡಿ ಎಲ್ಲ ನೋಡಿದರು. "ಬಾಟಲಿ ಎದೆಗಿಂತ ಮೇಲೆ ಹೋದ್ರೆ ನೀರು ಒಳಗೆ ಹರಿಯುತ್ತೆ. ಇನ್ಮೇಲೆ ನಮ್ಮನ್ನ ಕೇಳ್ದೆ ಯಾರೂ ಮುಟ್ಟಬಾರದು," ಅಂದರು. ಕೂಗಾಡಲಿಲ್ಲ. ನನಗೆ ಮಾತ್ರ, "ಹೋಗಿರಲಾರದು ಅನ್ಸುತ್ತೆ. ಜ್ವರ ಬರುತ್ತಾ ನೋಡ್ತಾ ಇರಿ" ಅಂದರು.

ಹೋಗಿರಲಾರದು. ಕೆಂಪು ರಬ್ಬರಿನ ಒಳಗೆ ನೀರು ಎಲ್ಲಿಯವರೆಗೆ ಏರಿತ್ತು ಎಂದು ಹೊರಗಿನಿಂದ ಕಾಣುವುದಿಲ್ಲ. ನಾನು ಬಂದದ್ದು ಆ ಕ್ಷಣಕ್ಕೋ, ಅದಕ್ಕಿಂತ ಸ್ವಲ್ಪ ತಡವಾಗಿಯೋ, ಯಾರು ಹೇಳುತ್ತಾರೆ? ಅವತ್ತಿಡೀ ಇವರ ಹಣೆ ಮುಟ್ಟಿ ಮುಟ್ಟಿ ನೋಡಿದೆ. ನನ್ನ ಅಂಗೈಯೇ ಬಿಸಿಯಾಗಿ, ಯಾವುದು ಜ್ವರ ಯಾವುದಲ್ಲ ಎಂದು ಗೊತ್ತಾಗದ ಹಾಗಾಯಿತು.

ಅತ್ತೆ ಆಮೇಲೆ ವಾರ್ಡಿನ ಒಳಗೆ ಕಾಲಿಡಲಿಲ್ಲ. ವರಾಂಡದ ಕಂಬಕ್ಕೆ ಒರಗಿ ಕೂತರು. ಮಧ್ಯಾಹ್ನ ಊಟಕ್ಕೆ ಕರೆದರೆ ಬೇಡವೆಂದು ತಲೆ ಆಡಿಸಿದರು. ಇವರು ಒಳಗಿನಿಂದ, "ಅಮ್ಮ ಎಲ್ಲಿ? ಯಾಕೆ ಬರ್ತಾ ಇಲ್ಲ?" ಎಂದು ಕೇಳುತ್ತಲೇ ಇದ್ದರು. ಸಂಜೆ ಬಿಸಿಲು ಇಳಿಯುವಾಗ ಅತ್ತೆಯ ಪಕ್ಕದಲ್ಲಿ ಹೋಗಿ ಕೂತೆ. ಅವರೇ ಕೇಳಿದರು.

"ನಿಜ ಹೇಳು. ನೀರು ಒಳಕ್ಕೆ ಹೋಯ್ತಾ?"

ಹೋಗಿಲ್ಲ ಎಂದುಬಿಡುವುದು ಸುಲಭವಿತ್ತು. ಆ ಮುಖ ನೋಡಿದರೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗಲಿಲ್ಲ.

"ಗೊತ್ತಿಲ್ಲ ಅತ್ತೆ. ಹೋಗಿರಲಾರದು ಅಂತ ಸಿಸ್ಟರ್ ಅಂದ್ರು. ನನಗೂ ಭಯ ಆಗ್ತಾ ಇದೆ."

ಅವರು ನನ್ನ ಕಡೆ ತಿರುಗಿ ನೋಡಿದರು. ನನಗೂ ಭಯವಿದೆ ಎನ್ನುವುದು ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲವೇನೋ. "ನನಗೆ ಅದು ಏನೂ ಅಂತಾನೇ ಅರ್ಥ ಆಗ್ಲಿಲ್ಲಮ್ಮಾ," ಅಂದರು. "ಡಾಕ್ಟರು ನಿನಗೆ ಹೇಳಿದ್ರು. ನೀನು ನನಗೆ ಬಾಯಿಪಾಠ ಒಪ್ಪಿಸ್ದೆ."

ಆಸ್ಪತ್ರೆಯ ಆವರಣದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಪರಂಗಿ ಗಿಡವಿತ್ತು. ಹೋಗಿ ಒಂದು ಎಲೆಯ ದಂಟು ಮುರಿದು ತಂದೆ. ಚಿಕ್ಕವರಿದ್ದಾಗ ಮುಳಬಾಗಿಲಿನಲ್ಲಿ ಸೀಗೆ ನೊರೆಯಲ್ಲಿ ಅದ್ದಿ ಊದುತ್ತಿದ್ದದ್ದು ಇಂಥ ದಂಟನ್ನೇ. ಎರಡೂ ತುದಿ ಚಿವುಟಿ, ಮತ್ತೆ ಪಕ್ಕದಲ್ಲಿ ಕೂತು, ಲೋಟದ ನೀರಿನಲ್ಲಿ ಅದ್ದಿ ಅತ್ತೆಯ ಕೈಗೆ ಕೊಟ್ಟೆ.

"ಊದಿ."

ಸುತ್ತ ನೋಡಿ, ನಾಚಿಕೊಂಡು ಊದಿದರು. ಗುಳ್ಳೆ ಎದ್ದವು.

"ನೀವು ಊದಿದ ಗಾಳಿ ಹೊರಗೆ ಬಂತು ಅಲ್ವಾ? ಒಡೆದ ಮೇಲೆ ಆ ಗಾಳಿ ತಿರುಗಿ ದಂಟಿನೊಳಕ್ಕೆ ಬರೋಕಾಗುತ್ತಾ ನೋಡಿ. ಈಗ ಮೆಲ್ಲಗೆ ಒಳಕ್ಕೆ ಎಳ್ಕೊಳ್ಳಿ."

ಎಳೆದುಕೊಂಡರು. ದಂಟು ಎಳಸು, ಒಳಗಿನ ನೀರು ತೆಳ್ಳಗೆ ಕಾಣುತ್ತಿತ್ತು. ಒಂದು ಬೆರಳಷ್ಟು ಏರಿ, ಬಿಟ್ಟಾಗ ಇಳಿಯಿತು.

"ಗಾಳಿ ಬರ್ಲಿಲ್ಲ. ನೀರು ಬಂತು," ಅಂದರು.

"ಅದೇ. ಅವರು ಉಸಿರು ಎಳ್ಕೊಂಡಾಗ ನೀರು ಸ್ವಲ್ಪ ಏರುತ್ತೆ, ಬಿಟ್ಟಾಗ ಇಳಿಯುತ್ತೆ. ಲೋಟ ಕೆಳಗಿದೆ, ಅದಕ್ಕೇ ಬಾಯಿಗೆ ಬರೋಕೆ ಕಷ್ಟ. ಲೋಟ ನಮ್ಮ ತಲೆ ಮೇಲಿದ್ದರೆ ಎಳೆಯೋದೇ ಬೇಡ, ತಾನೇ ಇಳಿದು ಬರುತ್ತೆ."

ಅತ್ತೆ ಮತ್ತೆ ಊದಿದರು, ಮತ್ತೆ ಎಳೆದರು. ಗಟ್ಟಿಯಾಗಿ ಊದಿದರೆ ದೊಡ್ಡವು, ಮೆಲ್ಲಗೆ ಊದಿದರೆ ಒಂದೊಂದೇ. ಊದುವುದು ನಿಲ್ಲಿಸಿದರೆ ಇಲ್ಲವೇ ಇಲ್ಲ. "ಒಳಗೆ ಗಾಳಿ ಇದ್ರೆ ತಾನೇ ಗುಳ್ಳೆ," ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ದಂಟನ್ನು ಪಕ್ಕಕ್ಕಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಗೇಟು ಹಾಕುವ ಹೊತ್ತಾದಾಗ ಎದ್ದು ಒಳಗೆ ಬಂದು, ಮಗನ ಪಾದ ಮುಟ್ಟಿ ನೋಡಿ ಹೊರಟರು.

ಮಾರನೆಯ ಸಂಜೆ ಇವರಿಗೆ ಸಣ್ಣಗೆ ಜ್ವರ ಬಂತು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ರಾತ್ರಿ ಕೋಣೆಯಲ್ಲಿ ಮಾವಿನಹಣ್ಣಿನ ವಾಸನೆ ಉಸಿರು ಕಟ್ಟಿಸುವಷ್ಟಿತ್ತು. ಯಾರೂ ತಿಂದಿರಲಿಲ್ಲ. ಬೆಳಿಗ್ಗೆ ಹೋದಾಗ ಜ್ವರ ಇಳಿದಿತ್ತು. ಯಾಕೆ ಬಂತೋ ಯಾಕೆ ಹೋಯಿತೋ ಯಾರೂ ಹೇಳಲಿಲ್ಲ. ಗುಳ್ಳೆ ಮಾತ್ರ ನಿಲ್ಲಲಿಲ್ಲ. ಕಫದಲ್ಲಿ ಏನೂ ಇಲ್ಲ, ಕ್ಷಯವಲ್ಲ ಎಂದು ಗೊತ್ತಾದರೂ ನೆಮ್ಮದಿ ಉಳಿಯಲಿಲ್ಲ. ಏಕೆಂದರೆ ಅದೇ ದಿನ ಡಾಕ್ಟರು, "ಇನ್ನೂ ಸೋರ್ತಾ ಇದೆ. ಹೀಗೇ ಇದ್ರೆ ಬೆಂಗಳೂರಿಗೆ ಕಳಿಸಿ ಆಪರೇಷನ್ ಮಾಡಿಸಬೇಕಾಗುತ್ತೆ" ಅಂದರು.

ಅತ್ತೆ ಈಗ ಬಾಟಲಿಯ ಕಾವಲು ಕೂತರು. ನೆಲ ಒರೆಸುವವಳು ಬಂದರೆ ಕೈ ಅಡ್ಡ ಹಿಡಿದು, "ಮೆಲ್ಲಗಮ್ಮಾ" ಎನ್ನುತ್ತಿದ್ದರು. ಬಾಟಲಿ ಅಲುಗಿಸದೆ, ನೀರು ಚಿಮ್ಮದ ಹಾಗೆ ತಾವೇ ಸುತ್ತ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಗುಳ್ಳೆಯ ಗಾತ್ರ ನೋಡುತ್ತಿದ್ದರು. "ನಿನ್ನೆ ಹುಣಿಸೆ ಬೀಜದಂಗಿತ್ತು, ಇವತ್ತು ಚಿಕ್ಕದು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಬರಬರುತ್ತಾ ಸುಮ್ಮನೆ ಉಸಿರಾಡುವಾಗ ಗುಳ್ಳೆ ಇಲ್ಲವಾಯಿತು, ಕೆಮ್ಮಿದಾಗ ಮಾತ್ರ.

ಆಮೇಲೆ ಒಂದು ಬೆಳಿಗ್ಗೆ ಕೆಮ್ಮಿದರೂ ಬರಲಿಲ್ಲ.

ಇವರಿಗೆ ಇನ್ನೊಂದು ಸಲ ಕೆಮ್ಮಲು ಹೇಳಿದೆ. ಕೆಮ್ಮಿದರು. ನೀರು ಸುಮ್ಮನಿತ್ತು. ಗಾಜಿಗೆ ಕಚ್ಚಿಕೊಂಡ ಹಳೆಯ ಸಣ್ಣ ಗುಳ್ಳೆಗಳು ಬಿಟ್ಟರೆ ಏನೂ ಇಲ್ಲ. ಅತ್ತೆಯ ಕೈ ನನ್ನ ಮೊಣಕೈ ಹಿಡಿಯಿತು.

"ಬರ್ತಾ ಇದ್ಯಾ?" ಇವರು ಮೇಲಿನಿಂದ ಕೇಳಿದರು.

ನಾನು ಮುಖ ಒರೆಸಿಕೊಳ್ಳುವುದು ಮರೆತೆ. ನನ್ನನ್ನು ನೋಡಿ ಇವರು ಬಿಳಿಚಿಕೊಂಡರು. ತೂತು ಮುಚ್ಚಿದೆಯೋ ಕೊಳವೆ ಮುಚ್ಚಿದೆಯೋ? ಕೊಳವೆ ಮುಚ್ಚಿದ್ದರೆ, ಗಾಳಿ ಒಳಗೇ ತುಂಬುತ್ತಾ ಹೋದರೆ, ಇವರು ಮತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಆ ಸ್ಥಿತಿಗೆ ಬರಲು ಎಷ್ಟು ಹೊತ್ತು ಬೇಕು? ಸಿಸ್ಟರನ್ನು ಕರೆಯಲು ಓಡಿದೆ. ಅವರು ಇನ್ನೊಂದು ವಾರ್ಡಿನಲ್ಲಿದ್ದರು. ಬರುತ್ತೇನೆ ಅಂದರು. ನಾನು ಬಾಗಿಲಲ್ಲೇ ನಿಂತು ಅವರನ್ನು ಕರೆದುಕೊಂಡೇ ಬಂದೆ.

ನಾವು ಬಂದಾಗ ಅತ್ತೆ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಬಾಟಲಿ ನೋಡುತ್ತಿದ್ದರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಮರೆತು ಮುಟ್ಟಿಬಿಡಬಾರದೆಂದು.

"ನೀರು ಆಡ್ತಾ ಐತೆ," ಅಂದರು ತಲೆ ಎತ್ತದೆ. "ಉಸಿರು ಎಳೆದಾಗ ಏರ್ತೈತೆ. ಬಿಟ್ಟಾಗ ಇಳೀತೈತೆ. ದಂಟಿನಾಗೆ ಇದ್ದಂಗೇ ಐತೆ ನೋಡಮ್ಮಾ."

ಸಿಸ್ಟರ್ ಬಗ್ಗಿ ನೋಡಿದರು. ಇವರಿಗೆ ಉದ್ದಕ್ಕೆ ಉಸಿರು ತೆಗೆಯಲು ಹೇಳಿ ಮತ್ತೆ ನೋಡಿದರು. "ಹೌದು, ಕೊಳವೆ ತೆರೆದೇ ಇದೆ," ಅಂದರು. "ಕಟ್ಟಿಕೊಂಡಿದ್ರೆ ನೀರು ಅಲುಗಾಡ್ತಾ ಇರ್ಲಿಲ್ಲ. ಒಳಗೆ ಗಾಳಿ ಖಾಲಿ ಆಗಿರಬೇಕು. ಡಾಕ್ಟರು ನೋಡ್ಲಿ, ಎಕ್ಸ್‌ರೇ ಆಗ್ಲಿ. ಅಲ್ಲೀವರೆಗೂ ನಾನೇನೂ ಹೇಳಲ್ಲ."

ಎಕ್ಸ್‌ರೇ ಬರುವವರೆಗೆ ನಾವಿಬ್ಬರೂ ವರಾಂಡದಲ್ಲಿ ನಿಂತೇ ಇದ್ದೆವು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದಾಗ, ಈ ಸಲ ಅತ್ತೆಯನ್ನು ಮುಂದೆ ನಿಲ್ಲಿಸಿದೆ. ಎಡಗಡೆಯೂ ಮಂಜು ಮಂಜಾಗಿ ತುಂಬಿತ್ತು. "ಪೂರ್ತಿ ಅರಳಿದೆ," ಅಂದರು. "ನೀರೂ ಇಲ್ಲ, ಏನೂ ಇಲ್ಲ." ಆ ಎರಡನೆಯ ಮಾತು ಯಾರಿಗಾಗಿ ಹೇಳಿದರೋ, ಸಿಸ್ಟರ್ ಅವರಿಗೆ ಮೊದಲೇ ಹೇಳಿದ್ದರೋ, ಗೊತ್ತಿಲ್ಲ. ಅತ್ತೆ ಅಲ್ಲೇ ಗೋಡೆ ಹಿಡಿದುಕೊಂಡು ಕೂತುಬಿಟ್ಟರು.

ಇನ್ನೂ ಒಂದು ದಿನ ಕೊಳವೆಗೆ ಚಿಮಟ ಹಾಕಿ ಮುಚ್ಚಿ, ಗಾಳಿ ಮತ್ತೆ ತುಂಬುತ್ತದೆಯೇ ಎಂದು ಕಾದು ನೋಡಿದರು. ಆಮೇಲೆ ಪರದೆ ಎಳೆದು, ಇವರಿಗೆ ಉಸಿರು ಬಿಗಿಹಿಡಿಯಲು ಹೇಳಿ, ಕೊಳವೆ ಎಳೆದುಬಿಟ್ಟರು. ಪರದೆಯ ಆಚೆ ಇವರು ಒಂದು ಸಲ "ಅಮ್ಮಾ" ಅಂದದ್ದು ಕೇಳಿಸಿತು. ಈಚೆ ನಾವು ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು.

ಬಿಡುಗಡೆ ಮಾಡುವಾಗ ಡಾಕ್ಟರು, "ಓಡಬೇಡಿ, ಭಾರ ಎತ್ತಬೇಡಿ. ಮತ್ತೆ ಆಗಬಹುದು, ಆಗದೇನೂ ಇರಬಹುದು" ಅಂದರು. ಮತ್ತೆ ಆಗಲಿಲ್ಲ. ಆದರೆ ಆಗುವುದಿಲ್ಲ ಎಂದು ಅವತ್ತು ಯಾರಿಗೆ ಗೊತ್ತಿತ್ತು? ಅತ್ತೆ ಮಾಲೂರಿಗೆ ನಮ್ಮ ಜೊತೆಗೇ ಬಂದು, ಮಳೆ ಶುರುವಾಗುವವರೆಗೆ ಇದ್ದರು. ಇವರು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲಿ ಒಬ್ಬರು ನಿಲ್ಲುತ್ತಿದ್ದೆವು. ಮಲಗಿದರೆ ಬೆನ್ನಿನ ಏರಿಳಿತ ನೋಡುತ್ತಿದ್ದೆವು. ಇವರಿಗೆ ಸಿಟ್ಟು ಬರುತ್ತಿತ್ತು.

ಊರಿಗೆ ಹೊರಡುವ ದಿನ ಬಸ್‌ಸ್ಟಾಂಡಿನಲ್ಲಿ ಅತ್ತೆ ನನ್ನ ಕೈಗೆ ಎಲೆ ಅಡಿಕೆಯ ಚೀಲ ಕೊಟ್ಟು ಸೀರೆ ಸರಿಮಾಡಿಕೊಂಡರು. "ಅವನು ನೋವಾದ್ರೂ ಹೇಳಲ್ಲ," ಅಂದರು. "ನೀನು ಕೇಳ್ತಾ ಇರು. ಬೈದ್ರೂ ಕೇಳು. ನಿನಗೆ ಭಯ ಆದ್ರೆ ನನ್ನ ಕರಿ. ಹೇಳ್ಕೊಳ್ಳೋಕೆ ಯಾರಾದ್ರೂ ಇರ್ಬೇಕು."

ಇನ್ನು ರೈಲಿಗೆ ಓಡುವುದು ಬೇಡವೆಂದು ಆ ವರ್ಷದ ಕೊನೆಗೆ ನಾವು ಕೋಲಾರಕ್ಕೆ ಮನೆ ಬದಲಾಯಿಸಿದೆವು. ಮದುವೆಯ ಪತ್ರಿಕೆ, ಕರಪತ್ರ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸಿನಲ್ಲಿ ಇವರಿಗೆ ಕೆಲಸ ಸಿಕ್ಕಿತು. ಬೆಂಗಳೂರಿನಲ್ಲಿ ದಪ್ಪ ದಪ್ಪ ಪುಸ್ತಕ ಜೋಡಿಸಿದ ಕೈ ಇಲ್ಲಿ ಬರೀ ಶುಭ ಲಗ್ನ ಜೋಡಿಸುತ್ತಿದೆ ಎಂದು ಬಹಳ ದಿನ ಮುನಿಸಿಕೊಂಡಿದ್ದರು. ಊಟದ ಹೊತ್ತಿನಲ್ಲಿ ಒಂದೊಂದು ದಿನ ನನ್ನ ಜೊತೆ ಮಾತೂ ಇರುತ್ತಿರಲಿಲ್ಲ. ನಾನು ಅನ್ನ ಬಡಿಸಿ, ಎದುರಿಗೆ ಕೂತು, ಅವರು ಉಣ್ಣುವುದನ್ನು ನೋಡುತ್ತಿದ್ದೆ.